ಅತ್ತೆಗೆ ಪ್ಲೇಟ್‌ಲೆಟ್ ಕಡಿಮೆ, ಆರು ವಾರದಿಂದ ಸ್ಟೀರಾಯ್ಡ್ ನಡೆಯುತ್ತಿದೆ. ನಿಲ್ಲಿಸಬಹುದಾ?

ತೋಟದಮನೆ ಸೊಸೆ
ಆಗಸ್ಟ್ 12, ರಾತ್ರಿ 10.40

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಹಳ್ಳಿ. ಅತ್ತೆಗೆ 57 ವರ್ಷ. ಶೀತ, ಜ್ವರ, ಹೊಟ್ಟೆನೋವು ಏನೇ ಬಂದರೂ ಕಷಾಯ ಕುಡಿದು ಮಲಗುವವರು. ಹೆರಿಗೆ ಬಿಟ್ಟರೆ ಆಸ್ಪತ್ರೆ ಕಂಡವರಲ್ಲ.

ಜೂನ್ ಕೊನೆಯಲ್ಲಿ ಪತ್ರೊಡೆ ಮಾಡಲು ಕೆಸುವಿನ ಎಲೆ ತರುತ್ತೇನೆ ಎಂದು ತೋಟಕ್ಕೆ ಹೋದರು. ಕಾಲಿಗೆ ಉಂಬಳ ಹತ್ತಿತ್ತು. ನಮ್ಮಲ್ಲಿ ಅದೇನು ಸುದ್ದಿಯಾ? ಸುಣ್ಣ ಮುಟ್ಟಿಸಿ ಕಿತ್ತು ಎಸೆದರು. ಉಂಬಳ ಬಿಟ್ಟ ಜಾಗದಲ್ಲಿ ಸ್ವಲ್ಪ ಹೊತ್ತು ರಕ್ತ ಬರುವುದು ಇದ್ದದ್ದೇ. ಆದರೆ ಸಂಜೆ ಆರಕ್ಕೆ ಶುರುವಾದದ್ದು ಮರುದಿನ ಕಾಫಿ ಹೊತ್ತಿಗೂ ನಿಂತಿರಲಿಲ್ಲ. ಮೂರು ಹಳೆ ಬಟ್ಟೆ ಒದ್ದೆ. ಹಲ್ಲುಜ್ಜುವಾಗ ವಸಡಿನಲ್ಲೂ ರಕ್ತ. ಕಾಲು ನೋಡಿದರೆ ಮೊಣಕಾಲಿನ ಕೆಳಗೆ ಕೆಂಪು ಚುಕ್ಕಿಗಳು. ಸೊಳ್ಳೆ ಕಚ್ಚಿದ್ದು ಅಂದುಕೊಂಡೆವು. ಬೆರಳಿನಿಂದ ಒತ್ತಿದರೂ ಮಾಸುತ್ತಿರಲಿಲ್ಲ.

ಊರಿನ ಲ್ಯಾಬಿನಲ್ಲಿ ರಕ್ತ ಹೆಪ್ಪುಗಟ್ಟಲು ಬೇಕಾದ ಕಣ, ಅಂದರೆ ಪ್ಲೇಟ್‌ಲೆಟ್ 9,000 ಬಂತು. ಎಲ್ಲರೂ ಡೆಂಗಿ ಎಂದರು. ಜ್ವರವೇ ಇರಲಿಲ್ಲ, ಆದರೂ ಎರಡು ದಿನ ಪಪ್ಪಾಯಿ ಎಲೆ ರಸ ಕುಡಿಸಿದೆವು. ಆಮೇಲೆ ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆವು. ಅಲ್ಲಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಐಟಿಪಿ ಎಂದರು. ದೇಹವೇ ತನ್ನ ಪ್ಲೇಟ್‌ಲೆಟ್ ಅನ್ನು ನಾಶ ಮಾಡುತ್ತದಂತೆ. ಅತ್ತೆಯ ತೂಕ 60 ಕೆಜಿ. ದಿನಕ್ಕೆ 60 ಮಿಲಿಗ್ರಾಂ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್ ಶುರು ಮಾಡಿದರು.

ಎಂಟನೇ ದಿನಕ್ಕೆ 48,000. ಮೂರನೇ ವಾರ 1,12,000. ನಾವು ದೇವರಿಗೆ ಹಣ್ಣುಕಾಯಿ ಮಾಡಿಸಿ ಆಯಿತು. ಆಮೇಲೆ ಡಾಕ್ಟರು ಗುಳಿಗೆ ಇಳಿಸುತ್ತಾ ಬಂದರು. 40, 30, ಈಗ 20. ನಿನ್ನೆಯ ರಿಪೋರ್ಟ್‌ನಲ್ಲಿ ಪ್ಲೇಟ್‌ಲೆಟ್ 41,000. ಮುಂದಿನ ಅಪಾಯಿಂಟ್‌ಮೆಂಟ್ ಇನ್ನೂ ಹತ್ತು ದಿನ ಇದೆ.

ಮನೆಯ ಪರಿಸ್ಥಿತಿ ಕೇಳಬೇಡಿ. ಅತ್ತೆಯ ಮುಖ ಹುಣ್ಣಿಮೆ ಚಂದ್ರನ ಹಾಗೆ ಆಗಿದೆ. ರಾತ್ರಿ ನಿದ್ದೆ ಇಲ್ಲ. ಮೂರು ಗಂಟೆಗೆ ಎದ್ದು ಒಲೆ ಹೊತ್ತಿಸಿ ಹಲಸಿನ ಹಪ್ಪಳ ಸುಟ್ಟು ತಿನ್ನುತ್ತಾರೆ. ಒಂದು ಅಕ್ಕಿ ರೊಟ್ಟಿ ತಿನ್ನುತ್ತಿದ್ದವರಿಗೆ ಈಗ ನಾಲ್ಕು ಬೇಕು. ಸಣ್ಣದಕ್ಕೂ ಸಿಟ್ಟು, ಆಮೇಲೆ ಅಳು. ಸಕ್ಕರೆ ಕಾಯಿಲೆ ಇರಲೇ ಇಲ್ಲ, ಮೊನ್ನೆ ಊಟದ ನಂತರ 286.

ಈ ತಿಂಗಳ ಕೊನೆಗೆ ಅವರ ತಮ್ಮನ ಮಗನ ಮದುವೆ. ಈ ಮುಖ ಹೊತ್ತುಕೊಂಡು ಬರುವುದಿಲ್ಲ ಎಂದು ಹಟ. ನಿನ್ನೆ ಎಲೆಯಡಿಕೆ ತಟ್ಟೆ ಒರೆಸುವಾಗ ಸುಣ್ಣದ ಡಬ್ಬಿಯ ಕೆಳಗೆ ನಾಲ್ಕು ಗುಳಿಗೆ ಸಿಕ್ಕಿತು. ನುಂಗಿದೆ ಎಂದು ನನಗೆ ಹೇಳಿ ಅಲ್ಲಿ ಇಟ್ಟಿದ್ದಾರೆ.

ನೆಂಟರೆಲ್ಲ ಸ್ಟೀರಾಯ್ಡ್ ನಿಲ್ಲಿಸಿ ಎನ್ನುತ್ತಿದ್ದಾರೆ. ನಮ್ಮ ಭಾವ ಗುಲ್ಮ (ಸ್ಪ್ಲೀನ್) ತೆಗೆಸಿದರೆ ಒಂದೇ ಸಲಕ್ಕೆ ಮುಗಿಯುತ್ತದೆ ಎನ್ನುತ್ತಾರೆ. ಇದನ್ನು ಅನುಭವಿಸಿದವರು ಯಾರಾದರೂ ಇದ್ದೀರಾ? 41,000 ಅಂದರೆ ಭಯ ಪಡಬೇಕಾ?

—

ಹಸಿರೇ ಉಸಿರು
ಆಗಸ್ಟ್ 12, ರಾತ್ರಿ 11.05

ಸ್ಟೀರಾಯ್ಡ್ ಅಂದರೆ ವಿಷ ಅಕ್ಕ. ನಾಳೆಯಿಂದಲೇ ನಿಲ್ಲಿಸಿ. ಪಪ್ಪಾಯಿ ಎಲೆ ರಸ, ಅಮೃತಬಳ್ಳಿ, ದಾಳಿಂಬೆ. ಒಂದು ವಾರದಲ್ಲಿ ಎರಡು ಲಕ್ಷ ಆಗದಿದ್ದರೆ ಕೇಳಿ. ನಮ್ಮ ಪಕ್ಕದ ಮನೆಯವರಿಗೆ ಡೆಂಗಿಯಲ್ಲಿ ಹಾಗೇ ಏರಿತ್ತು.

—

ಕೊಳೆ ಔಷಧಿ
ಆಗಸ್ಟ್ 13, ಬೆಳಗ್ಗೆ 5.50

ತಂಗೀ, ಮೇಲಿನವರ ಮಾತು ಕೇಳಿ ನಾಳೆ ಗುಳಿಗೆ ನಿಲ್ಲಿಸಿಬಿಡಬೇಡಿ. ಹಾಗೆ ನಿಲ್ಲಿಸಿದವನು ನಾನು. ಸ್ವಲ್ಪ ಉದ್ದ ಬರೆಯುತ್ತೇನೆ. ಮಳೆ ಬಿಟ್ಟಿಲ್ಲ, ಇವತ್ತು ಔಷಧಿ ಹೊಡೆಯುವವರೂ ಬರುವುದಿಲ್ಲ.

ನಾನು ಹೊಸನಗರ ಕಡೆಯವನು. ಎರಡೂವರೆ ಎಕರೆ ಅಡಿಕೆ. ನಾಲ್ಕು ವರ್ಷದ ಹಿಂದೆ, ಆಗ ನನಗೆ 43, ಮೂಗಿನಲ್ಲಿ ರಕ್ತ ಬಂದು ನಿಲ್ಲಲಿಲ್ಲ. ಪ್ಲೇಟ್‌ಲೆಟ್ 6,000. ನನಗೆ ಮೊದಲು ಕೊಟ್ಟದ್ದು ಡೆಕ್ಸಾಮೆಥಾಸೋನ್ ಎಂಬ ಇನ್ನೊಂದು ಸ್ಟೀರಾಯ್ಡ್, ದಿನಕ್ಕೆ 40 ಮಿಲಿಗ್ರಾಂ, ನಾಲ್ಕೇ ದಿನ. 4 ಮಿಲಿಗ್ರಾಮಿನ ಗುಳಿಗೆ ಹತ್ತು ಒಟ್ಟಿಗೆ. ಮೆಡಿಕಲ್ ಶಾಪಿನ ಹುಡುಗ ಚೀಟಿಯನ್ನು ಎರಡು ಸಲ ನೋಡಿ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಕೊಟ್ಟದ್ದು. ಆ ನಾಲ್ಕು ದಿನ ನಾನು ಮಲಗಿದ್ದೇ ನೆನಪಿಲ್ಲ. ರಾತ್ರಿ ಎರಡು ಗಂಟೆಗೆ ದೋಟಿ ಕತ್ತಿ ಮಸೆಯುತ್ತಾ ಕೂತಿದ್ದೆ. ಹೆಂಡತಿಗೆ ಹೆದರಿಕೆಯಾಗಿ ನನ್ನ ತಮ್ಮನನ್ನು ಕರೆಸಿದಳು. ಅತ್ತೆಯವರ ಹಪ್ಪಳ ಕೇಳಿ ನಗು ಬಂತು, ಬೇಸರ ಮಾಡಬೇಡಿ. ಅದು ಗುಳಿಗೆಯ ಆಟ, ಅವರ ಗುಣ ಅಲ್ಲ. ಮನೆಯವರೆಲ್ಲ ಇದನ್ನು ತಿಳಿದುಕೊಂಡರೆ ಅರ್ಧ ಜಗಳ ಕಮ್ಮಿ.

ಪ್ಲೇಟ್‌ಲೆಟ್ ಏರಿತು, ಒಂದು ತಿಂಗಳಲ್ಲಿ ಮತ್ತೆ ಬಿತ್ತು. ಆಗ ಪ್ರೆಡ್ನಿಸೊಲೋನ್ ಶುರುವಾಯಿತು. ಆರನೇ ವಾರ, 30 ಮಿಲಿಗ್ರಾಂ ನಡೆಯುತ್ತಿತ್ತು. ಪ್ಲೇಟ್‌ಲೆಟ್ ಒಂದೂವರೆ ಲಕ್ಷ ಮುಟ್ಟಿತು. ನಾರ್ಮಲ್ ಅಲ್ವಾ? ಇನ್ನೆಂತಕ್ಕೆ ಗುಳಿಗೆ? ಕೊಯ್ಲು ಬೇರೆ ಶುರುವಾಗಿತ್ತು. ಒಂದು ಮಂಗಳವಾರ ನಿಲ್ಲಿಸಿಬಿಟ್ಟೆ. ಯಾರಿಗೂ ಹೇಳಲಿಲ್ಲ.

ಶುಕ್ರವಾರ ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ವಾಂತಿ. ಕೈಕಾಲಿನಲ್ಲಿ ಬಲವೇ ಇಲ್ಲ. ಎದ್ದು ನಿಂತರೆ ಕಣ್ಣು ಕತ್ತಲೆ. ಪಿತ್ತ ಎಂದು ನಿಂಬೆರಸ ಕುಡಿದು ಮಲಗಿದೆ. ರಾತ್ರಿ ಹೊತ್ತಿಗೆ ಬಿಪಿ 80ರ ಕೆಳಗೆ. ಜೀಪಿನಲ್ಲಿ ಹಾಕಿಕೊಂಡು ಹೋದರು. ಸಲೈನ್ ಹಾಕಿ ಹೈಡ್ರೊಕಾರ್ಟಿಸೋನ್ ಎಂಬ ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟ ಮೇಲೆ ಮನುಷ್ಯನಾದೆ. ಆ ಡಾಕ್ಟರಮ್ಮ ನನಗೆ ಬೈದದ್ದು ಈಗಲೂ ಕಿವಿಯಲ್ಲಿದೆ.

ಅವರು ಹೇಳಿದ್ದನ್ನು ನನ್ನ ಭಾಷೆಯಲ್ಲಿ ಹೇಳುತ್ತೇನೆ. ಎರಡು ಮೂತ್ರಪಿಂಡದ ಮೇಲೂ ಒಂದೊಂದು ಸಣ್ಣ ಗ್ರಂಥಿ ಇದೆ. ದೇಹಕ್ಕೆ ಬೇಕಾದ ಸ್ಟೀರಾಯ್ಡ್ ಅನ್ನು ದಿನಾ ಅದೇ ತಯಾರಿಸುತ್ತದೆ. ನಾವು ವಾರಗಟ್ಟಲೆ ಹೊರಗಿನಿಂದ ನುಂಗಿದರೆ ಅದು ಕೆಲಸ ಬಿಡುತ್ತದೆ. ದಿನಾ ಆಳು ಬಂದು ಹುಲ್ಲು ಕೊಯ್ದು ಕೊಟ್ಟರೆ ಮನೆಯ ಗಂಡಸರು ಕತ್ತಿ ಮುಟ್ಟುತ್ತಾರಾ? ಒಂದು ದಿನ ಆಳು ಬರಲಿಲ್ಲ ಅಂದರೆ ದನ ಉಪವಾಸ. ಅದಕ್ಕೇ ಗುಳಿಗೆಯನ್ನು ಮೆಲ್ಲಗೆ ಇಳಿಸುವುದು. ಗ್ರಂಥಿ ಎಚ್ಚರ ಆಗಲಿ ಎಂದು.

ಈಗ ನಿಮ್ಮ ಅತ್ತೆಯ ವಿಷಯ. ಭಾವನವರ ಗುಲ್ಮದ ಮಾತಿಗಿಂತ, ನನ್ನ ಕಥೆಗಿಂತ ಮುಖ್ಯವಾದದ್ದು ಆ ಸುಣ್ಣದ ಡಬ್ಬಿ. ನಾಲ್ಕು ಗುಳಿಗೆ ನಿಮಗೆ ಸಿಕ್ಕಿದ್ದು. ಸಿಗದೇ ಇದ್ದದ್ದು ಎಷ್ಟು? ನಿಮ್ಮ ಡಾಕ್ಟರು 41,000 ನೋಡಿ ಏನು ಅಂದುಕೊಳ್ಳುತ್ತಾರೆ? 20ಕ್ಕೆ ಇಳಿಸಿದ ಕೂಡಲೇ ಬಿತ್ತು, ಈ ಔಷಧಿ ಇವರಿಗೆ ಸಾಲದು ಎಂದು. ಡೋಸ್ ಏರಿಸಬಹುದು, ಇನ್ನೊಂದು ಔಷಧಿ ಸೇರಿಸಬಹುದು. ಅತ್ತೆ 20 ನುಂಗುತ್ತಲೇ ಇಲ್ಲ ಅಂದರೆ ಆ ಲೆಕ್ಕವೆಲ್ಲ ತಪ್ಪು. ಹತ್ತು ದಿನ ಕಾಯಬೇಡಿ, ಇವತ್ತೇ ಫೋನ್ ಮಾಡಿ ಹೇಳಿ. ಅತ್ತೆಯನ್ನು ಸಿಕ್ಕಿಸಿಹಾಕಿದ ಹಾಗಾಗುತ್ತದೆ ಎಂದು ಸಂಕೋಚ ಪಡಬೇಡಿ. ನಾನು ಮುಚ್ಚಿಟ್ಟದ್ದರಿಂದಲೇ ಆ ರಾತ್ರಿ ಅರ್ಧ ಗಂಟೆ ಹೊಟ್ಟೆಯ ಸ್ಕ್ಯಾನಿಂಗ್ ಅದು ಇದು ಎಂದು ಹೋಯಿತು.

41,000ಕ್ಕೆ ಭಯ ಪಡಬೇಕಾ ಎಂದು ಕೇಳಿದಿರಿ. ನನಗೆ ಹೇಳಿದ್ದು ಇಷ್ಟು: ದೊಡ್ಡವರಲ್ಲಿ 30,000ದ ಮೇಲಿದ್ದು ಎಲ್ಲೂ ರಕ್ತ ಸೋರದಿದ್ದರೆ ಎಷ್ಟೋ ಜನರನ್ನು ಔಷಧಿ ಇಲ್ಲದೆ ಸುಮ್ನೆ ನೋಡಿಕೊಂಡೇ ಇರುತ್ತಾರೆ. ಒಂದೂವರೆ ಲಕ್ಷ ಮಾಡಲೇಬೇಕು ಅಂತಿಲ್ಲ. ನಾನು ಈಗ 50ರಿಂದ 80 ಸಾವಿರದ ನಡುವೆ ಆರಾಮಾಗಿ ತೋಟ ಮಾಡಿಕೊಂಡಿದ್ದೇನೆ. ಮರ ಮಾತ್ರ ಹತ್ತುವುದಿಲ್ಲ. ಆದರೆ ಬಾಯಿಯ ಒಳಗೆ ಕಪ್ಪು ರಕ್ತದ ಗುಳ್ಳೆ, ಟಾರಿನ ಹಾಗೆ ಕಪ್ಪು ಮಲ, ಮೂತ್ರದಲ್ಲಿ ರಕ್ತ, ಯಾವತ್ತೂ ಇಲ್ಲದ ಜೋರು ತಲೆನೋವು, ಇವುಗಳಲ್ಲಿ ಯಾವುದು ಕಂಡರೂ ರಿಪೋರ್ಟಿನಲ್ಲಿ ಎಷ್ಟೇ ಇರಲಿ, ಆ ಗಂಟೆಯೇ ಹೊರಡಿ.

ಮಂಡಿ ನೋವಿಗೆ ಮೆಡಿಕಲ್‌ನಿಂದ ತರುವ ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ಯಾವುದೂ ಬೇಡ. ಸೊಂಟಕ್ಕೆ ಇಂಜೆಕ್ಷನ್ ಚುಚ್ಚಿಸಿಕೊಳ್ಳುವುದೂ ಬೇಡ.

ಗುಲ್ಮ ತೆಗೆಸುವ ಮಾತು ಈಗಲೇ ಬೇಡ. ಕಾಯಿಲೆ ಶುರುವಾಗಿ ಒಂದು ವರ್ಷವಾದರೂ ಆಗಲಿ ಎಂದು ಡಾಕ್ಟರುಗಳೇ ಕಾಯುತ್ತಾರೆ. ಅಷ್ಟರಲ್ಲಿ ತಾನೇ ಸುಧಾರಿಸುವವರೂ ಇದ್ದಾರೆ.

ಇನ್ನೊಂದು. ಅತ್ತೆ ತೋಟಕ್ಕೆ ಬರಿಗಾಲಿನಲ್ಲಿ ಹೋಗುತ್ತಾರಾ? ಹೋಗುತ್ತಾರೆ, ಗೊತ್ತು, ನನ್ನ ಅಮ್ಮನೂ ಹಾಗೆಯೇ. ಒದ್ದೆ ಮಣ್ಣಿನಿಂದ ಕಾಲಿನ ಚರ್ಮದ ಮೂಲಕ ಹೊಕ್ಕುವ ಒಂದು ಹುಳ ಇದೆ, ಸ್ಟ್ರಾಂಗಿಲಾಯ್ಡಿಸ್ ಅಂತ. ಸುಮ್ಮನೆ ವರ್ಷಾನುಗಟ್ಟಲೆ ಹೊಟ್ಟೆಯಲ್ಲಿರುತ್ತದೆ. ಸ್ಟೀರಾಯ್ಡ್ ಸಿಕ್ಕಿದರೆ ಮೈಯೆಲ್ಲ ಹರಡಬಹುದು. ನನಗೆ ಮೊದಲೇ ಅದಕ್ಕೆ ಔಷಧಿ ಕೊಟ್ಟಿದ್ದರು. ಅತ್ತೆಗೆ ಕೊಟ್ಟಿದ್ದಾರಾ ಎಂದು ಫೋನಿನಲ್ಲೇ ಕೇಳಿ.

—

ನೇರಳೆ ಮುಚ್ಚಳ
ಆಗಸ್ಟ್ 13, ಮಧ್ಯಾಹ್ನ 1.20

ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು, ಶಿವಮೊಗ್ಗದಲ್ಲಿ. ಊಟದ ಬಿಡುವಿನಲ್ಲಿ ಬರೆಯುತ್ತಿದ್ದೇನೆ.

ಕೊಳೆ ಔಷಧಿ ಅಣ್ಣ ಹೇಳಿದ್ದು ಸರಿ. ನನ್ನ ಕಡೆಯಿಂದ ಒಂದೇ ಸೇರಿಸುತ್ತೇನೆ. ಪ್ರತಿ ಸಲ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಿರಲಿ ಎಂದು ಹಾಕಿರುವ ಇಡಿಟಿಎ ಎಂಬ ರಾಸಾಯನಿಕಕ್ಕೆ ಸಾವಿರಕ್ಕೆ ಒಬ್ಬರಲ್ಲಿ ಪ್ಲೇಟ್‌ಲೆಟ್‌ಗಳು ಗುಂಪು ಕಟ್ಟಿಕೊಳ್ಳುತ್ತವೆ. ಮೆಶಿನ್ ಆ ಗುಂಪನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎರಡು ಲಕ್ಷ ಇದ್ದವರಿಗೂ 30 ಸಾವಿರ ಎಂದು ರಿಪೋರ್ಟ್ ಬರುತ್ತದೆ. ಅಂಥವರಿಗೆ ಸ್ಟೀರಾಯ್ಡ್ ಕೊಟ್ಟರೆ ಏನು ಗತಿ ಹೇಳಿ. ಅದಕ್ಕೇ ನಾವು ಒಂದು ಹನಿ ಗಾಜಿನ ಮೇಲೆ ಸವರಿ ಸ್ಮಿಯರ್ ನೋಡುತ್ತೇವೆ, ಅನುಮಾನ ಬಂದರೆ ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆಯುತ್ತೇವೆ. ನಿಮ್ಮ ಅತ್ತೆಗೆ ಉಂಬಳದ ಗಾಯ ರಾತ್ರಿಯಿಡೀ ಸೋರಿದೆ, ವಸಡಿನಲ್ಲಿ ರಕ್ತ ಬಂದಿದೆ, ಆದ್ದರಿಂದ ಅವರದು ಸುಳ್ಳು ಕಮ್ಮಿ ಅಲ್ಲ. ಆದರೆ ಇದನ್ನು ಓದುವ ಬೇರೆಯವರಿಗೆ ಉಪಯೋಗವಾಗಲಿ.

ಹಸಿರೇ ಉಸಿರು ಅವರಿಗೆ: ಡೆಂಗಿಯಲ್ಲಿ ಜ್ವರ ಬಿಟ್ಟ ಮೇಲೆ ಕೆಲವು ದಿನಕ್ಕೆ ಪ್ಲೇಟ್‌ಲೆಟ್ ತಾನಾಗಿ ಏರುತ್ತದೆ. ರಸ ಕುಡಿದವರಿಗೂ ಏರುತ್ತದೆ, ಕುಡಿಯದವರಿಗೂ ಏರುತ್ತದೆ. ಡೆಂಗಿಗೆ ಸ್ಟೀರಾಯ್ಡ್ ಕೊಟ್ಟೂ ಪ್ರಯೋಜನ ಕಂಡಿಲ್ಲ. ಮಂಗನ ಕಾಯಿಲೆಯಲ್ಲೂ ಇಲಿ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡಾಗಿನಿಂದ ನಮ್ಮ ಜಿಲ್ಲೆಯವರಿಗೆ ಅದು ಗೊತ್ತು. ಅವೆಲ್ಲ ಜ್ವರದ ದಾರಿ, ಐಟಿಪಿ ಬೇರೆಯೇ ದಾರಿ. ಇದರಲ್ಲಿ ಪ್ಲೇಟ್‌ಲೆಟ್‌ಗೆ ಆಂಟಿಬಾಡಿ ಅಂಟಿಕೊಂಡಿರುತ್ತದೆ. ಕಡಿಯುವ ಮರಕ್ಕೆ ಗುರುತು ಹಾಕಿದ ಹಾಗೆ. ಗುಲ್ಮದ ಜೀವಕೋಶಗಳು ಗುರುತು ಬಿದ್ದದ್ದನ್ನೆಲ್ಲ ನುಂಗುತ್ತವೆ. ಸ್ಟೀರಾಯ್ಡ್ ಮೊದಲು ಆ ನುಂಗುವವರ ಕೈ ಕಟ್ಟುತ್ತದೆ, ಆಮೇಲೆ ಗುರುತು ಹಾಕುವವರದ್ದೂ. ಅದಕ್ಕೇ ಗುಳಿಗೆ ಇಳಿದಾಗ ಹಲವರಿಗೆ ಮತ್ತೆ ಬೀಳುವುದು.

ಈ ಗುರುತಿನ ವಿಷಯ ಗೊತ್ತಾದದ್ದೇ ಒಂದು ಕಥೆ. 1950ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ವಿಲಿಯಂ ಹ್ಯಾರಿಂಗ್ಟನ್ ಎಂಬ ಡಾಕ್ಟರ್ ಐಟಿಪಿ ರೋಗಿಯ ರಕ್ತವನ್ನು ತನಗೇ ಏರಿಸಿಕೊಂಡರು. ಕೆಲವೇ ಗಂಟೆಯಲ್ಲಿ ಅವರ ಪ್ಲೇಟ್‌ಲೆಟ್ ಪಾತಾಳಕ್ಕೆ ಇಳಿಯಿತು, ಫಿಟ್ಸ್ ಕೂಡ ಬಂತು. ಬದುಕಿದರು. ರೋಗ ಇರುವುದು ರಕ್ತದ ದ್ರವದಲ್ಲಿ ಎಂದು ತೋರಿಸಿದರು. ನಮ್ಮ ಲ್ಯಾಬಿನ ಹುಡುಗರಿಗೆ ಇದನ್ನು ಹೇಳಿದರೆ ಯಾರೂ ನಂಬುವುದಿಲ್ಲ.

ಸಕ್ಕರೆಯ ಬಗ್ಗೆ. ಬೆಳಗ್ಗೆ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಖಾಲಿ ಹೊಟ್ಟೆಯ ಸಕ್ಕರೆ ಚೆನ್ನಾಗಿಯೇ ಇರುತ್ತದೆ, ಮಧ್ಯಾಹ್ನ ಸಂಜೆ ಏರುತ್ತದೆ. ಖಾಲಿ ಹೊಟ್ಟೆಯದ್ದು ಮಾತ್ರ ನೋಡಿ ಸಮಾಧಾನ ಪಡಬೇಡಿ. ಗುಳಿಗೆಯನ್ನು ಬೆಳಗ್ಗೆ ತಿಂಡಿ ಆದ ಮೇಲೆಯೇ ಕೊಡುತ್ತಿದ್ದೀರಿ ತಾನೆ? ರಾತ್ರಿ ಕೊಟ್ಟರೆ ಇರುವ ನಿದ್ದೆಯೂ ಹೋಗುತ್ತದೆ.

—

ಸಾಗರದ ಅಮ್ಮ
ಆಗಸ್ಟ್ 13, ಸಂಜೆ 7.15

ನಮ್ಮ ಮಗನಿಗೆ ಐದು ವರ್ಷ ಇದ್ದಾಗ ಇದೇ ಆಗಿತ್ತು. ಶೀತ ಆಗಿ ಎರಡು ವಾರಕ್ಕೆ ಮೈಮೇಲೆ ಚುಕ್ಕಿ, 8,000. ಡಾಕ್ಟರು ಒಂದು ಗುಳಿಗೆಯನ್ನೂ ಕೊಡಲಿಲ್ಲ! ಮಕ್ಕಳಲ್ಲಿ ಹೆಚ್ಚಿನವರಿಗೆ ತಾನೇ ಹೋಗುತ್ತದೆ, ರಕ್ತ ಸೋರದಿದ್ದರೆ ಕಾಯೋಣ ಎಂದರು. ಮೂರು ತಿಂಗಳು ಸೈಕಲ್ ಇಲ್ಲ, ಮರ ಇಲ್ಲ, ಗದ್ದೆ ಬದುವಿನ ಮೇಲೆ ಓಡುವುದಿಲ್ಲ. ಅವನನ್ನು ಹಿಡಿದು ಕೂರಿಸಿದ್ದೇ ದೊಡ್ಡ ಔಷಧಿ. ಈಗ ಎರಡೂವರೆ ಲಕ್ಷ. ದೊಡ್ಡವರಲ್ಲಿ ಅಷ್ಟು ಸುಲಭಕ್ಕೆ ಹೋಗುವುದಿಲ್ಲವಂತೆ. ಅಪ್ಪೆಮಿಡಿ ಉಪ್ಪಿನಕಾಯಿ ಭರಣಿಯನ್ನು ಅತ್ತೆಯಿಂದ ದೂರ ಇಡಿ, ಉಪ್ಪು ತಿಂದಷ್ಟೂ ಮೈಯಲ್ಲಿ ನೀರು ತುಂಬುತ್ತದೆ.

—

ತೋಟದಮನೆ ಸೊಸೆ
ಆಗಸ್ಟ್ 15, ಮಧ್ಯಾಹ್ನ 3.30

ಅಣ್ಣ, ನಿಮ್ಮ ಮಾತು ಓದಿ ಫೋನ್ ಮಾಡಿದೆ. ಡಾಕ್ಟರು ಮರುದಿನವೇ ಬರಲು ಹೇಳಿದರು. ಬಸ್ಸಿನಲ್ಲಿ ಅತ್ತೆ ನನ್ನ ಜೊತೆ ಮಾತೇ ಆಡಲಿಲ್ಲ. ಡಾಕ್ಟರ ಮುಂದೆ ಕೂತಾಗ ತಾವೇ ಹೇಳಿದರು: "ನಾಲ್ಕಲ್ಲ ಡಾಕ್ಟ್ರೇ, ಒಂಬತ್ತು." ಉಳಿದ ಐದನ್ನು ತುಳಸಿಕಟ್ಟೆಯ ಬುಡಕ್ಕೆ ಹಾಕಿದ್ದಾರಂತೆ.

ಡಾಕ್ಟರು ಬೈಯಲಿಲ್ಲ. ಬಿಪಿ ನೋಡಿದರು, ಸೋಡಿಯಂ ಪೊಟ್ಯಾಸಿಯಂ ಪರೀಕ್ಷೆ ಮಾಡಿಸಿದರು. ಎಲ್ಲ ಸರಿ ಇತ್ತು. ಪೂರ್ತಿ ನಿಲ್ಲಿಸದೆ ಬಿಟ್ಟು ಬಿಟ್ಟಾದರೂ ನುಂಗಿದ್ದರಿಂದ ಬಚಾವಾದಿರಿ ಎಂದರು. 20 ಮಿಲಿಗ್ರಾಂ ಸರಿಯಾಗಿ ಹತ್ತು ದಿನ ತೆಗೆದುಕೊಳ್ಳಿ, ಆಮೇಲೆ ಐದೈದೇ ಇಳಿಸೋಣ ಎಂದಿದ್ದಾರೆ. ಸಕ್ಕರೆಗೆ ಒಂದು ಗುಳಿಗೆ, ಎಲುಬಿಗೆ ಕ್ಯಾಲ್ಸಿಯಂ. ಹುಳದ ಔಷಧಿ ಮೊದಲೇ ಕೊಟ್ಟಿದ್ದರಂತೆ, ಚೀಟಿಯಲ್ಲಿತ್ತು, ನಾನೇ ನೋಡಿರಲಿಲ್ಲ.

ಮುಖ ಯಾವಾಗ ಇಳಿಯುತ್ತದೆ ಎಂದು ಅತ್ತೆ ಕೇಳಿದರು. ಗುಳಿಗೆ ನಿಂತ ಮೇಲೆ ಕೆಲವು ತಿಂಗಳಲ್ಲಿ ಎಂದರು. ಮದುವೆಗೆ ಅಂತೂ ಇಳಿಯುವುದಿಲ್ಲ. ಅತ್ತೆ ಆಸ್ಪತ್ರೆಯ ಹೊರಗೆ ಬಂದು ಎರಡು ಮಸಾಲೆ ದೋಸೆ ತಿಂದರು. ನಾನು ಏನೂ ಹೇಳಲಿಲ್ಲ.

—

ತೋಟದಮನೆ ಸೊಸೆ
ನವೆಂಬರ್ 3, ರಾತ್ರಿ 9.10

ಆಗ ಉತ್ತರ ಕೊಟ್ಟವರಿಗೆ ತಿಳಿಸಬೇಕು ಅನಿಸಿತು. ಅತ್ತೆ ಮದುವೆಗೆ ಬಂದರು. ಹಿಂದಿನ ಸಾಲಿನಲ್ಲಿ ಕೂತಿದ್ದರು, ಫೋಟೋಕ್ಕೆ ಬರಲಿಲ್ಲ. ಊಟಕ್ಕೆ ಮಾತ್ರ ಮೊದಲ ಪಂಕ್ತಿ.

ಸರಿಯಾಗಿ ನುಂಗಿದ ಮೇಲೆ ಪ್ಲೇಟ್‌ಲೆಟ್ 74,000ಕ್ಕೆ ಬಂತು. 10 ಮಿಲಿಗ್ರಾಂವರೆಗೆ ಚೆನ್ನಾಗಿತ್ತು. 5ಕ್ಕೆ ಇಳಿಸಿದಾಗ 26,000, ಕಾಲಿನಲ್ಲಿ ಮತ್ತೆ ಚುಕ್ಕಿ. ಈ ಸಲ ಒಂದು ಗುಳಿಗೆಯೂ ತಪ್ಪಿರಲಿಲ್ಲ, ನಾನೇ ಎದುರು ನಿಂತು ಕೊಡುತ್ತಿದ್ದೆ. ಅದರಿಂದ ಡಾಕ್ಟರಿಗೂ ತೀರ್ಮಾನ ಮಾಡಲು ಸುಲಭವಾಯಿತು. ಮತ್ತೆ 60ಕ್ಕೆ ಏರಿಸುವುದು ಬೇಡ, ಸ್ಟೀರಾಯ್ಡ್ ಅನ್ನು ತಿಂಗಳುಗಟ್ಟಲೆ ಎಳೆಯುವುದು ಒಳ್ಳೆಯದಲ್ಲ ಎಂದು ಎಲ್ಟ್ರೊಂಬೊಪ್ಯಾಗ್ ಶುರು ಮಾಡಿದ್ದಾರೆ. ಇದು ಎಲುಬಿನ ಮಜ್ಜೆಗೆ ಹೇಳಿ ಪ್ಲೇಟ್‌ಲೆಟ್ ಅನ್ನೇ ಹೆಚ್ಚು ಮಾಡಿಸುತ್ತದಂತೆ. ಲಿವರ್ ಪರೀಕ್ಷೆ ಆಗಾಗ ಮಾಡಿಸಬೇಕು.

ಈಗ ಹೊಸ ಜಗಳ. ಹಾಲು, ಮೊಸರು, ಮಜ್ಜಿಗೆ, ಕ್ಯಾಲ್ಸಿಯಂ ಗುಳಿಗೆ ಯಾವುದೂ ಇದರ ಹತ್ತಿರ ಬರಬಾರದಂತೆ. ಅವಕ್ಕಿಂತ ಎರಡು ಗಂಟೆ ಮೊದಲು ಅಥವಾ ಅವಾಗಿ ನಾಲ್ಕು ಗಂಟೆ ನಂತರ ಈ ಗುಳಿಗೆ ನುಂಗಬೇಕು. ಮಜ್ಜಿಗೆ ಇಲ್ಲದೆ ಊಟ ಏಳುವವರಲ್ಲ ನಮ್ಮ ಅತ್ತೆ. ಕೊಳೆ ಔಷಧಿ ಅಣ್ಣ, ನಿಮಗೂ ಇದೇ ಗುಳಿಗೆಯಾ? ಹೇಗೆ ಹೊಂದಿಸುತ್ತೀರಿ?

—

ಕೊಳೆ ಔಷಧಿ
ನವೆಂಬರ್ 4, ಬೆಳಗ್ಗೆ 5.15

ಇದೇ ಗುಳಿಗೆ. ಈಗಷ್ಟೇ ನುಂಗಿ ಕೂತಿದ್ದೇನೆ. ರಾತ್ರಿ ಎಂಟಕ್ಕೆ ಮಜ್ಜಿಗೆ ಸುರಿದು ಊಟ ಮಾಡಲಿ, ತೊಂದರೆ ಇಲ್ಲ. ಬೆಳಗ್ಗೆ ಐದಕ್ಕೆ ಬರೀ ನೀರಿನಲ್ಲಿ ಗುಳಿಗೆ. ಹೇಗೂ ಎಚ್ಚರ ಇರುತ್ತಾರೆ. ಕ್ಯಾಲ್ಸಿಯಂ ಮಧ್ಯಾಹ್ನದ ಊಟಕ್ಕೆ ಹಾಕಿ.

ಹಾಲು ಹಾಕಿದ ಕಾಫಿ ಏಳು ಗಂಟೆಯ ಮೇಲೆ. ಮೊದಲ ವಾರ ಗಡಿಯಾರ ನೋಡಿಕೊಂಡು ಬೈಯುತ್ತಾರೆ, ಬೈಯಲಿ ಬಿಡಿ. ಕರಿ ಕಾಫಿ ಆದರೆ ಮೊದಲೇ ಕೊಡಬಹುದಾ ಎಂದು ನಾನೂ ಕೇಳಿದ್ದೆ. ಕೊಡಬಹುದು ಎಂದರು. ಆದರೆ ಅದನ್ನು ಯಾರು ಕುಡಿಯುತ್ತಾರೆ ಮಾರಾಯ್ರೇ.